ಕರ್ಪೂರದ ಡಬ್ಬಿಯಲ್ಲಿ ಕಾಡತೂಸು

ಅವಧೂತಾ,

ಹಂದಿ ಓಡಿಸುವ ಬಂದೂಕನ್ನು ಕಪಾಟಿನಲ್ಲಿ ಕೀಲಿ ಹಾಕಿಟ್ಟಿ, ಚಲೋ ಆಯಿತು. "ಕಾಡತೂಸು ಬ್ಯಾರೆ ಕಡೆ ಇಡಬೇಕಂತ ಕಾಯ್ದೆ ಐತಿ, ಅವ್ವಾ" ಅಂದಿದ್ದಿ. ಆ ಬೇರೆ ಕಡೆ ಎಂದರೆ ನನ್ನ ಕರ್ಪೂರದ ಡಬ್ಬಿ ಎಂದು ಇಂದು ಆರತಿಗೆ ಕಡ್ಡಿ ಗೀರಿ ಡಬ್ಬಿಗೆ ಕೈ ಹಾಕಿದಾಗ ತಿಳಿಯಿತು. ಕನ್ನಡಕ ಹಾಕಿಕೊಂಡಿದ್ದೆ, ಅದಕ್ಕೇ ಮನೆ ಉಳಿದಿದೆ.

ಕಾಡತೂಸನ್ನು ಈಗ ಟ್ರಂಕಿನಲ್ಲಿಟ್ಟಿದ್ದೇನೆ. ಕೀಲಿಕೈ ನನ್ನ ಹತ್ತಿರ ಇದೆ, ಸಂಜೆ ಕೊಡುತ್ತೇನೆ. ಚುನಾವಣೆ ಬಂತೆಂದು ನಾಳೆ ಖಾನಾಪುರ ಠಾಣೆಗೆ ಬಂದೂಕು ಒಪ್ಪಿಸಲು ಹೋಗುವಾಗ ನಳಿಗೆ ಖಾಲಿ ಇದೆಯೇ ನೋಡು. ಬಂದೂಕು, ಕಾಡತೂಸು ಎರಡನ್ನೂ ಬೇರೆ ಬೇರೆ ಚೀಲದಲ್ಲಿ ಒಯ್ಯಿ. ಅವಲಕ್ಕಿ ಮುಚ್ಚಿಟ್ಟಿದ್ದೇನೆ, ತಿನ್ನು.

ನಾನು ಹಲಸಿಯ ಗುಡಿಗೆ ಹೊರಟೆ, ವರಾಹಸ್ವಾಮಿಗೆ ಕಾಯಿ ಒಡೆಸಿ ಬರುತ್ತೇನೆ. ನಿನ್ನ ಕಾಡತೂಸಿನಿಂದ ನಮ್ಮನ್ನು ಕಾಯ್ದವನೂ ಹಂದಿಯ ರೂಪದವನೇ, ನೆನಪಿರಲಿ.

ಅವ್ವ