ಒಳಗಿನಿಂದ ಕೂಗುವವರು

ಹಿರೇಕೆರೂರು, ಶುಕ್ರವಾರ

ಗ್ಯಾರೇಜಿನ ಸಿರಾಜುದ್ದೀನಣ್ಣನವರಿಗೆ ತನುಜಾಳ ಶರಣು.

ನಮ್ಮ ಟೆಂಪೋದ ಕ್ಯಾಬಿನ್ ಇನ್ನೂ ಸೋರುತ್ತಿದೆ. ನೀವು ಗಾಜಿನ ಸುತ್ತ ಹಾಕಿದ ರಬ್ಬರಿನ ಮೇಲೆ ದೂರಲ್ಲ ಇದು. ಫೋನಿನಲ್ಲಿ ಹೇಳಲಾಗದೆ ಬರೆಯುತ್ತಿದ್ದೇನೆ.

ಹೋದ ಮಳೆಗಾಲದಲ್ಲಿ ಸೋರುವ ಜಾಗ ಹುಡುಕುವಾಗ ನಾನು ಮೇಲಿನಿಂದ ಕೊಡ ಬಗ್ಗಿಸುತ್ತಿದ್ದೆ. ನಮ್ಮ ಯಜಮಾನರು ಒಳಗೆ ಕುಳಿತು, "ತಡೀ, ಇಲ್ಲೇ ಇಳ್ಯಾಕತ್ತೈತಿ!" ಎಂದು ಕೂಗುತ್ತಿದ್ದರು. ಅವರು ತೀರಿಕೊಂಡ ಮೇಲೆ ನಿನ್ನೆ ಮೊದಲ ಸಲ ನೀರು ಸುರಿದೆ. ಆರು ಕೊಡ ಮುಗಿದರೂ ಕೂಗು ಬರಲಿಲ್ಲ. ಸೋರಿಕೆ ನಿಂತಿತೆಂದು ಹುಚ್ಚಿಯಂತೆ ಖುಷಿಪಟ್ಟೆ. ಬಾಗಿಲು ತೆಗೆದರೆ ಅವರ ಸೀಟು ತೊಯ್ದು ತೊಪ್ಪೆಯಾಗಿತ್ತು.

ಸಂತೆಗೆ ಬಂದಾಗ ಇತ್ತ ಬನ್ನಿ. ನೀರು ನಾನೇ ಸುರಿಯುತ್ತೇನೆ. ನೀವು ಒಳಗೆ ಕುಳಿತುಕೊಳ್ಳಿ. ಸೋರದಿದ್ದರೂ ಏನಾದರೂ ಅನ್ನುತ್ತ ಇರಿ.

ನಿಮ್ಮ ತಂಗಿ,
ತನುಜಾ