ತಂಗಿಯ ಮರೆವು

ಮಂಗಳವಾರ ಸಂಜೆ
ಗ್ಯಾಲರಿ ಕೆಳಗಿನ ಚಿಕಿತ್ಸೆ ಕೋಣೆಯಿಂದ

ನನ್ನ ಮುದ್ದಿನ ಮೊಂಡೀ,

ನನ್ನ ಫೋನ್ ಎತ್ತುತ್ತಿಲ್ಲವಲ್ಲ, ಒಳ್ಳೆಯದೇ ಆಯಿತು. ತಲೆಗೆ ಪೆಟ್ಟಾದವರು ಫೋನಿನ ಬೆಳಕು ನೋಡುತ್ತಾ ಕೂರಬಾರದು. ಅದಕ್ಕೇ ಕಾಗದದ ಮೇಲೆ ಬರೆದು ನಿನ್ನ ರೂಮಿನವಳ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಧಾನವಾಗಿ ಓದು. ಹರಿದು ಹಾಕುವುದಿದ್ದರೂ ಓದಿಯೇ ಹರಿ.

ಮೊದಲು ಮನೆ ಸುದ್ದಿ. ಅಮ್ಮ ಅಡುಗೆಮನೆ ಕಿಟಕಿಗೆ ಹಳದಿ ಪರದೆ ಹೊಲಿದು ಹಾಕಿದ್ದಾಳೆ, ಚೆನ್ನಾಗಿದೆ ಅನ್ನದವರಿಗೆ ಟೀ ಇಲ್ಲವಂತೆ. ಮೇಲಿನ ಮನೆಯವರ ಬೆಕ್ಕು ನಮ್ಮ ಚಪ್ಪಲಿ ಗೂಡಿನಲ್ಲಿ ಮರಿ ಹಾಕಿದೆ, ಮೂರು. ಚಿಕ್ಕಪ್ಪ ಕನ್ನಡಕ ಕಳೆದುಕೊಂಡು ಮನೆಯವರ ಮೇಲೆಲ್ಲ ಹಾರಾಡಿದರು. ಕೊನೆಗೆ ಅದು ಫ್ರಿಜ್ಜಿನೊಳಗೆ ಸಿಕ್ಕಿತು. ಅತ್ತೆ ಈ ವಯಸ್ಸಿನಲ್ಲಿ ಸೈಕಲ್ ಕಲಿಯಲು ಹೋಗಿ ಹಾಲಿನವನ ಮೇಲೆ ಬಿದ್ದಿದ್ದಾರೆ. ಹಾಲು ಬಿಟ್ಟರೆ ಬೇರೇನೂ ಹಾಳಾಗಿಲ್ಲ.

ಇನ್ನು ನಮ್ಮ ಜಗಳ. ಶುಕ್ರವಾರ ಫುಟ್‌ಬಾಲ್ ಅಭ್ಯಾಸದಲ್ಲಿ ನೀನು ಚೆಂಡಿಗೆ ಹಾರಿದಾಗ ಕ್ಯಾಪ್ಟನ್ ಮೊಣಕಾಲು ನಿನ್ನ ಕಿವಿಯ ಮೇಲ್ಗಡೆ ಬಡಿಯಿತು. ನೀನು ಎದ್ದು ನಕ್ಕೆ, ಹುಡುಗಿಯರು ಚಪ್ಪಾಳೆ ತಟ್ಟಿದರು. ತಂಡದ ಫಿಸಿಯೋ ಆದ ನಾನು ಮಾತ್ರ ನಿನ್ನನ್ನು ಹೊರಗೆ ಕೂರಿಸಿದೆ. ನಿನ್ನೆ ತಂಡದ ಡಾಕ್ಟರು ಹತ್ತು ಪದ ಓದಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗ ನೀನು ಐದು ಹೇಳಿದೆ. ವರ್ಷದ ಆರಂಭದಲ್ಲಿ, ಪೆಟ್ಟುಗಿಟ್ಟು ಏನೂ ಇಲ್ಲದಾಗ, ನೀನು ಹೇಳಿದ್ದು ನಾಲ್ಕೇ ಅಂತೆ. ಆಗ ನಾನಿನ್ನೂ ಈ ತಂಡಕ್ಕೆ ಬಂದಿರಲಿಲ್ಲ. ಪೆಟ್ಟು ಬಿದ್ದ ಮೇಲೆ ನಿನ್ನ ಬುದ್ಧಿ ಚುರುಕಾಗಿದೆ ಅಂತ ಕೋಚ್ ತಮಾಷೆ ಮಾಡಿದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಹೋಲಿಸಿ ನೋಡುವುದು ವರ್ಷದ ಆರಂಭದ ಅಂಕಕ್ಕೇ ತಾನೇ, ಆಗ ಬೇಕಂತಲೇ ಕಡಿಮೆ ಹೇಳಿಟ್ಟರೆ ಮುಂದೆ ಪೆಟ್ಟಾದಾಗ ಸುಲಭವಾಗಿ ಪಾಸಾಗಬಹುದು. ಹುಡುಗಿಯರು ಒಬ್ಬರಿಗೊಬ್ಬರು ಹೇಳಿಕೊಡುವ ಉಪಾಯ ಅದು, ನನಗೇನು ಗೊತ್ತಿಲ್ಲವೇ? ನಮ್ಮ ಶಾಲೆ ಬಸ್ಸಿನ ನಿಲ್ದಾಣಗಳನ್ನೆಲ್ಲ ಹಿಂದುಮುಂದಾಗಿ ಒಪ್ಪಿಸುತ್ತಿದ್ದವಳು ನೀನು. ಎರಡನೇ ಕ್ಲಾಸಿನಲ್ಲಿ ನಾನು ಕಳೆದ ನಿನ್ನ ರಿಬ್ಬನ್ನಿನ ಬಣ್ಣವನ್ನು ಇವತ್ತಿಗೂ ಎತ್ತಿ ಆಡುವವಳು. ನಿನಗೆ ನಾಲ್ಕೇ ಪದ ನೆನಪಿರುವುದು ಅಂದರೆ ಆ ಡಾಕ್ಟರು ನಂಬಬಹುದು, ನಾನು ನಂಬಬೇಕೇ?

ಇದನ್ನೇ ಮ್ಯಾನೇಜರ್ ಮುಂದೆ ಹೇಳಿದೆ. ಅವರು ನಿನ್ನನ್ನು ಕರೆಸಿ ಕೇಳಿದರು. ನೀನು ನನ್ನ ಮುಖ ನೋಡದೆ, ನನಗೆ ಮೊದಲಿನಿಂದಲೂ ಮರೆವು ಸಾರ್ ಅಂದೆ. ಆಮೇಲೆ ನನ್ನ ಕಡೆ ತಿರುಗಿ ಅಂದದ್ದು ಇನ್ನೂ ಕಿವಿಯಲ್ಲಿದೆ: "ನಿನ್ನ ಮೊಣಕಾಲು ಹೋಯ್ತು ಅಂತ ನನ್ನ ಆಟಾನೂ ಮುಗಿಸ್ಬೇಕಾ ಅಕ್ಕ?"

ಆ ಮೊಣಕಾಲಿನಿಂದಲೇ ಆಟ ಬಿಟ್ಟವಳಿಗೆ ನೋವಾಯಿತು ಕಣೇ. ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕಿಂತ ನನಗೆ ಸುಸ್ತಾಗಿದೆ. ಈ ಕೋಣೆಗೆ ಬರುವವರೆಲ್ಲ ನನಗೆ ಸುಳ್ಳು ಹೇಳಲೆಂದೇ ಬರುತ್ತಾರೆ. ನಿಮ್ಮ ಕ್ಯಾಪ್ಟನ್ ಬಚ್ಚಲಲ್ಲಿ ನೋವಿನ ಮಾತ್ರೆ ನುಂಗಿ ಬಾಯಿ ಒರೆಸಿಕೊಂಡು ಬರುತ್ತಾಳೆ. ಇನ್ನೊಬ್ಬಳು ಕಾಲು ಒತ್ತಿದರೆ ನಗುತ್ತಾಳೆ, ನಗು ಜಾಸ್ತಿಯಾದ ಕಡೆಯೇ ನೋವಿರುವುದು. ಬೆಳಗಿಂದ ಸಂಜೆವರೆಗೆ ಪಟ್ಟಿ ಸುತ್ತುತ್ತೇನೆ, ಐಸ್ ಇಡುತ್ತೇನೆ, ಬೇಡ ಅನ್ನುತ್ತೇನೆ. ಬೇಡ ಅನ್ನುವವಳನ್ನು ಕಂಡರೆ ಯಾರಿಗೂ ಆಗುವುದಿಲ್ಲ. ಪರವಾಗಿಲ್ಲ ಅಂತಿದ್ದೆ, ನೀನೂ ಆ ಸಾಲಿನಲ್ಲಿ ನಿಲ್ಲುವವರೆಗೆ.

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಎರಡು ವರ್ಷ ಬೆಂಚಿನ ಮೇಲೆ ಕೂತು ಈ ವರ್ಷ ಗೋಲಿನ ಮುಂದೆ ನಿಂತವಳು ನೀನು. ಶನಿವಾರ ಫೈನಲ್, ದೊಡ್ಡ ತಂಡಕ್ಕೆ ಆರಿಸುವವರು ನೋಡಲು ಬರುತ್ತಾರೆ. ಆದರೆ ಮೊದಲ ಪೆಟ್ಟು ಮಾಗುವ ಮುಂಚೆ ತಲೆಗೆ ಇನ್ನೊಂದು ಬಿದ್ದರೆ ಮಿದುಳು ಊದಿಕೊಳ್ಳಬಹುದು. ಆಮೇಲೆ ಫೈನಲ್ ಮಾತಿರಲಿ, ಅಮ್ಮನ ಗುರುತು ಹಿಡಿಯುತ್ತೀಯೋ ಇಲ್ಲವೋ ಅಂತ ಆಸ್ಪತ್ರೆ ಬಾಗಿಲಲ್ಲಿ ಕಾಯಬೇಕಾಗುತ್ತದೆ. ಮೊನ್ನೆ ಬಸ್ಸಿನಲ್ಲಿ ನೀನು ನೀರಿನ ಬಾಟಲಿ ಕೈಯಲ್ಲೇ ಹಿಡಿದುಕೊಂಡು ಅದನ್ನು ಹುಡುಕುತ್ತಿದ್ದೆ. ಹಿಂದಿನ ಸೀಟಿನಿಂದ ನಾನು ನೋಡಿದೆ.

ನಾನೀಗ ಯಾರನ್ನೂ ತಡೆಯಲಾರೆ. ಅಕ್ಕ ತಂಗಿಯ ವ್ಯವಹಾರ ಆಯಿತು ಅಂತ ಮ್ಯಾನೇಜರ್ ನನ್ನನ್ನು ಇದರಿಂದ ಹೊರಗಿಟ್ಟಿದ್ದಾರೆ. ನಾಳೆ ಬೆಳಿಗ್ಗೆ ಹೊರಗಿನ ಡಾಕ್ಟರು ಬರುತ್ತಾರೆ, ಅವರ ಮಾತೇ ಕೊನೆ. ಅವರೂ ಆ ಹಳೆಯ ನಾಲ್ಕಕ್ಕೇ ಹೋಲಿಸುತ್ತಾರೆ. ನೀನು ಪಾಸಾಗುತ್ತೀ. ನಿಜ ಹೇಳಿ ನಿನ್ನನ್ನು ನಿಲ್ಲಿಸುವವರು ಇನ್ನು ನೀನೊಬ್ಬಳೇ.

ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ನಿನಗಾಗಿ ಇನ್ನೂ ಚೀಲ ಇಟ್ಟುಕೊಂಡು ಬರುತ್ತಿರುವ,
ನಿನ್ನ ಅಕ್ಕ

ತಾಜಾಕಲಂ: ಹಾಳೆ ಹಿಂದಕ್ಕೆ ತಿರುಗಿಸಬೇಡ. ಅಮ್ಮನ ಪರದೆ ಯಾವ ಬಣ್ಣ? ಬೆಕ್ಕಿನ ಮರಿ ಎಷ್ಟು? ಚಿಕ್ಕಪ್ಪನ ಕನ್ನಡಕ ಎಲ್ಲಿ ಸಿಕ್ಕಿತು? ಅತ್ತೆ ಬಿದ್ದದ್ದು ಯಾರ ಮೇಲೆ? ಇಲ್ಲಿ ಅಂಕ ಹಾಕುವ ಡಾಕ್ಟರಿಲ್ಲ, ಕೋಚ್ ಇಲ್ಲ, ನಾನೂ ಇಲ್ಲ. ಬೇಕಂತಲೇ ತಪ್ಪು ಹೇಳಿ ನಂಬಿಸಲು ಯಾರೂ ಇಲ್ಲ. ಉತ್ತರ ನನಗೆ ಹೇಳುವುದೂ ಬೇಡ, ಎಷ್ಟು ನೆನಪಿತ್ತು ಅಂತ ನಾಳೆ ಬೆಳಿಗ್ಗೆ ಆ ಹೊರಗಿನ ಡಾಕ್ಟರಿಗೆ ಹೇಳು. ನಾಲ್ಕೂ ನೆನಪಿರಲಿ, ನನ್ನದೇ ತಪ್ಪಾಗಲಿ ಅಂತ ಬೇಡಿಕೊಳ್ಳುತ್ತಲೇ ಈ ಸಾಲು ಬರೆಯುತ್ತಿದ್ದೇನೆ.