ಹುಣಸೆ ಬೀಜದ ಪೋಕರ್

ಯಲಹಂಕ
11-2-1964

ಚಿ. ಸೌ. ಗಂಗರತ್ನಳಿಗೆ ನಿನ್ನ ತಾಯಿ ಮಾಡುವ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಆಫೀಸರುಗಳ ಹೆಂಡತಿಯರು ಪೋಕರ್ ಆಡುವಾಗ ನೀನು ಎಲೆ ಹಿಡಿದ ರೀತಿಗೆ ನಕ್ಕರೆಂದು, ಇನ್ನು ಅಂಬಾಲದಲ್ಲಿ ಇರಲಾರೆ, ಊರಿಗೆ ಬಂದುಬಿಡುತ್ತೇನೆ ಎಂದು ಬರೆದಿದ್ದೀಯೆ. ನಗುವವರಿಗೆ ಹೆದರಿ ಓಡಿಬರುವ ಮಗಳನ್ನು ನಾನು ಹೆತ್ತಿಲ್ಲ. ಬರಕೂಡದು. ನಿನ್ನ ಕೋಣೆಯಲ್ಲಿ ರಾಗಿ ಮೂಟೆ ಪೇರಿಸಿದೆ, ಜಾಗವೂ ಇಲ್ಲ.

ಮನೆಯಲ್ಲಿ ಇಸ್ಪೀಟು ಕಟ್ಟು ಕಂಡರೆ ಬಚ್ಚಲೊಲೆಗೆ ಹಾಕುತ್ತಿದ್ದವಳು ನಾನು. ಆದರೂ ನಿನ್ನ ಕಾಗದ ಓದಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಪಕ್ಕದ ಮನೆಯ ತಾಹೆರಾಳನ್ನು ಕರೆದೆ. ಅವಳ ಗಂಡ ಜಿಯಾವುಲ್ಲಾ ಇಲ್ಲಿನ ಆಫೀಸರುಗಳ ಮೆಸ್ಸಿನಲ್ಲಿ ಬಡಿಸುವವನಲ್ಲವೇ, ಆಟ ನೋಡಿ ಕಲಿತು ಹೆಂಡತಿಗೂ ಕಲಿಸಿದ್ದಾನೆ. ಹಿತ್ತಿಲ ಜಗಲಿಯಲ್ಲಿ ಹುಣಸೆ ಬೀಜ ಪಣವಿಟ್ಟು ಅವಳು ಹೇಳಿಕೊಟ್ಟಳು. ಕೇಳು.

ಕೈಗೆ ಐದು ಎಲೆ, ಬೇಡದ್ದನ್ನು ಎಸೆದು ಬದಲು ತೆಗೆದುಕೊಳ್ಳಬಹುದು. ಒಂದೇ ಅಂಕಿಯ ಎರಡಿದ್ದರೆ ಪೇರ್, ಮೂರಿದ್ದರೆ ಅದಕ್ಕಿಂತ ಮೇಲು. ಐದೂ ಆಟೀನೋ ಐದೂ ಇಸ್ಪೀಟೋ ಆದರೆ ಫ್ಲಶ್, ಅದು ಇನ್ನೂ ಮೇಲು. ರಮ್ಮಿಯಲ್ಲಿ ಮಾಡುವಂತೆ ದೊಡ್ಡ ಎಲೆಗೆ ಹೆದರಿ ಎಸೆಯಬೇಡ, ಇಲ್ಲಿ ಎಕ್ಕಾ ಬಂದರೆ ಭಾಗ್ಯ. ನಾನು ಎಕ್ಕಾ ಎಸೆದಾಗ ತಾಹೆರಾ ಸೆರಗು ಬಾಯಿಗಿಟ್ಟು ನಕ್ಕಳು. ನನ್ನನ್ನು ನೋಡಿ ನಕ್ಕವರು ಈ ಊರಲ್ಲಿ ಇನ್ನೊಬ್ಬರಿಲ್ಲ.

ಎದುರಿನವರು ಇಟ್ಟಷ್ಟೇ ಇಟ್ಟರೆ ಕಾಲ್, ಹೆಚ್ಚಿಗೆ ಇಟ್ಟರೆ ರೇಯ್ಸ್. ಎಲೆ ಕೆಟ್ಟಿದ್ದರೂ ಗಟ್ಟಿ ಮುಖ ಮಾಡಿ ಎದುರಿನವರನ್ನು ಹೆದರಿಸಿದರೆ ಬ್ಲಫ್.

ಹಾಲು ಉಕ್ಕಿತು, ಎದ್ದು ಹೋಗಿ ಬಂದೆ. ರೈಲು ಕೂಗಿದಾಗಲೂ ಬಾಗಿಲ ತನಕ ಹೋಗಿದ್ದೆ. ಎಲ್ಲಿಗೆ ಬಂದಿದ್ದೆ? ಹಾಂ, ಆಗದು ಅನ್ನಿಸಿದರೆ ಎಲೆ ಬೋರಲು ಹಾಕಿ ಸುಮ್ಮನಾಗುವುದು ಫೋಲ್ಡ್. ಅದು ಸೋಲಲ್ಲವಂತೆ. ನನಗೇನೂ ಒಪ್ಪಿಗೆಯಾಗಲಿಲ್ಲ. ಅದಕ್ಕೆ ತಾಹೆರಾ, “ಕೆಟ್ಟ ಎಲೆ ಹಿಡ್ಕೊಂಡು ಕೂತ್ರೆ ಇರೋ ಬೀಜಾನೂ ಹೋಗ್ತದೆ ಅಮ್ಮಾ. ಮಡಗ್ಬಿಡಿ, ಮುಂದಿನ ಆಟ ಐತಲ್ಲ” ಅಂದಳು.

ಇನ್ನೊಂದು ಮಾತು. ಒಳ್ಳೆಯ ಎಲೆ ಬಂದಾಗ ಬಳೆ ತಿರುಗಿಸಬೇಡ. ಚಿಕ್ಕಂದಿನಲ್ಲಿ ಬೆಲ್ಲ ಕದ್ದಾಗಲೂ ಹಾಗೇ ಮಾಡಿ ಸಿಕ್ಕಿಬೀಳುತ್ತಿದ್ದೆ. ಎಲ್ಲರಲ್ಲೂ ಇಂಥದೊಂದು ಗುರುತು ಇರುತ್ತದಂತೆ, ಆಟ ಬಲ್ಲವರು ಎಲೆ ಬಿಟ್ಟು ಅದನ್ನೇ ನೋಡುತ್ತಾರಂತೆ.

ಅಭ್ಯಾಸಕ್ಕೆಂದು ಹುಣಸೆ ಬೀಜ ಪಾರ್ಸೆಲ್ ಮಾಡಿದ್ದೇನೆ. ಅಳಿಯಂದಿರನ್ನು ಎದುರು ಕೂರಿಸಿಕೊಂಡು ಆಡು.

ಇತಿ ನಿನ್ನ ತಾಯಿ,
ಮುನಿವೆಂಕಟಮ್ಮ

ತಾ.ಕ.: ನನ್ನ ಗುರುತನ್ನೂ ತಾಹೆರಾ ಹಿಡಿದಳು. ಎಲೆ ಕೆಟ್ಟಾಗ ಮಾತ್ರ ನಾನು ಗದರುತ್ತೇನಂತೆ. ಈ ಕಾಗದದ ಮೊದಲಿಗೆ ಗದರಿದ್ದೇನಲ್ಲ, ಅದನ್ನು ಇನ್ನೊಮ್ಮೆ ಓದಿಕೋ. ಆಡಿ ನೋಡು. ಆಗದಿದ್ದರೆ ಬಾ. ನಿನ್ನ ಕೋಣೆಯಲ್ಲಿ ರಾಗಿ ಮೂಟೆ ಇಲ್ಲ.